ಭೂಮಿ ಹೋಯ್ತು ಅಂದ್ರೆ ಯಾರ ಭೂಮಿ?

ಚನ್ನಪಟ್ಟಣ ತಾಲ್ಲೂಕು ವಿರೂಪಾಕ್ಷಿಪುರದಲ್ಲಿ ನಾವು ಎಂಟು ಹತ್ತು ಜನ ಆರು ರಾತ್ರಿ ಒಂದೇ ಜಗಲಿ ಮೇಲೆ ಕೂತು ಒಂದು ರೇಡಿಯೋ ನಾಟಕ ಕೇಳಿದೆವು. ನಾಟಕ ಇಂಗ್ಲೆಂಡಿನದು. ಹೆಸರು ‘ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’. ಬರೆದವನು ಡಗ್ಲಸ್ ಆಡಮ್ಸ್. 1978ರ ಮಾರ್ಚ್ 8, ಬುಧವಾರ ರಾತ್ರಿ ಹತ್ತೂವರೆಗೆ ಬಿಬಿಸಿ ರೇಡಿಯೋ 4ರಲ್ಲಿ ಇದರ ಮೊದಲ ಕಂತು ಬಂತು. ವಾರಕ್ಕೊಂದರಂತೆ ಏಪ್ರಿಲ್ 12ಕ್ಕೆ ಆರನೆಯದು ಮುಗಿಯಿತು. ಒಂದೊಂದು ಕಂತು ಸುಮಾರು ಅರ್ಧ ಗಂಟೆ. ಆಮೇಲೆ ಅದು ಕಾದಂಬರಿಯಾಯಿತು (1979), ಟಿ.ವಿ. ಧಾರಾವಾಹಿಯಾಯಿತು (1981), ಸಿನಿಮಾ ಆಯಿತು (2005). ಅವನ್ನೆಲ್ಲ ಇಲ್ಲಿ ಎಳೆದು ತರುವುದಿಲ್ಲ. ಕಿವಿಗೆ ಬಿದ್ದ ಮೊದಲ ಆರು ಕಂತು, ಅವು ನಮ್ಮೊಳಗೆ ಎಬ್ಬಿಸಿದ ನಗು, ಜಗಳ, ಸಿಟ್ಟು. ಇಷ್ಟೇ ಈ ಬರಹ.

ಸಂಘಟನೆಯ ಹಿರಿಯ ಗೆಳೆಯರೊಬ್ಬರು ಮೊದಲನೇ ದಿನವೇ ಗದರಿದರು: “ಅಲ್ರಯ್ಯಾ, ಸುಡುಗಾಡಿಗೆ ಜಾಗ ಇಲ್ಲ ಅಂತ ಅರ್ಜಿ ಹಿಡ್ಕೊಂಡು ಅಲೀತಾ ಇದೀವಿ. ನೀವು ನಕ್ಷತ್ರಲೋಕದ ಕತೆ ಕೇಳ್ತಾ ಕೂತಿದೀರಲ್ಲ. ಹೊಟ್ಟೆ ತುಂಬಿದೋರ ಆಟ ಕಣ್ರೋ ಇದು.” ಅವರ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆರನೇ ರಾತ್ರಿ ಅವರೇ ಎಲ್ಲರಿಗಿಂತ ಮೊದಲು ಬಂದು ಜಗಲಿ ಹಿಡಿದಿದ್ದರು ಎಂಬುದನ್ನು ಇಲ್ಲಿ ದಾಖಲಿಸುತ್ತೇವೆ.

1

ಕೇಳಿದ ರೀತಿ ಹೇಳಬೇಕು. ನಮ್ಮಲ್ಲಿ ಒಬ್ಬರು ಇಂಗ್ಲಿಷ್ ಎಂ.ಎ. ಮಾಡಿದ ಗೆಳತಿ. ಉಳಿದವರೆಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಕ್ಕಳು. ಮನೆಯಲ್ಲಿ ಮೊದಲ ಸಲ ಡಿಗ್ರಿ ಮುಖ ನೋಡಿದವರು. ಮೊಬೈಲನ್ನು ಒಂದು ಸ್ಪೀಕರ್ ಡಬ್ಬಿಗೆ ಸೇರಿಸಿ ಎರಡೆರಡು ನಿಮಿಷಕ್ಕೆ ನಿಲ್ಲಿಸೋದು. ಆ ಗೆಳತಿ ಕನ್ನಡದಲ್ಲಿ ಹೇಳೋದು. ಮತ್ತೆ ಬಿಡೋದು. ಅರ್ಧ ಗಂಟೆಯ ಕಂತು ಎರಡು ಗಂಟೆ ಹಿಡಿಯುತ್ತಿತ್ತು. ‘ಕಂತು’ ಅಂದರೆ ನಮ್ಮ ಕೇರಿಯಲ್ಲಿ ಸ್ತ್ರೀಶಕ್ತಿ ಸಂಘದ ಸಾಲದ ಕಂತು. ಹಾಗಾಗಿ “ಇವತ್ತು ಎಷ್ಟನೇ ಕಂತು, ಇನ್ನೆಷ್ಟು ಬಾಕಿ?” ಅಂತ ಹೆಂಗಸರು ಚುಡಾಯಿಸಿದರು.

ಈ ನಾಟಕದಲ್ಲಿ ಒಂದು ಮೀನು ಬರುತ್ತದೆ. ಹೆಸರು ಬೇಬಲ್ ಮೀನು. ಅದನ್ನು ಕಿವಿಯೊಳಗೆ ಹಾಕಿಕೊಂಡರೆ ಯಾವ ಲೋಕದವನ ಮಾತೂ ತಕ್ಷಣ ಅರ್ಥವಾಗುತ್ತದೆ. ನಮಗೆ ಆ ಮೀನಿಲ್ಲ. ಆ ಗೆಳತಿಯೇ ನಮ್ಮ ಮೀನು. ಆದರೆ ಕಿವಿಯೊಳಗೆ ಏನೋ ಹಾಕುವ ಮಾತು ಬಂದಾಗ ಜಗಲಿ ಮೇಲಿದ್ದ ಒಬ್ಬ ಮೇಷ್ಟ್ರು ಸುಮ್ಮನಾಗಿಬಿಟ್ಟರು. ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ಲೋಹವನ್ನೂ ಅರಗನ್ನೂ ಹೊಯ್ಯಬೇಕು ಅಂತ ಗೌತಮ ಧರ್ಮಸೂತ್ರ ಹೇಳುತ್ತದೆ. ಅರಗು! ನಮ್ಮ ಚನ್ನಪಟ್ಟಣದಲ್ಲಿ ಆಲೆ ಮರದ ಗೊಂಬೆಗೆ ಕೆಂಪು ಹಳದಿ ಬಣ್ಣ ಹಿಡಿಸುವುದು ಅದೇ ಅರಗಿನಿಂದ. ಮಕ್ಕಳ ಆಟಿಕೆಗೆ ಹೊಳಪು ಕೊಡುವ ವಸ್ತುವನ್ನು ಮನುಷ್ಯರ ಕಿವಿಗೆ ಹೊಯ್ಯಲು ಬರೆದಿಟ್ಟ ನೆಲ ಇದು. ಶೂದ್ರನಿಗೇ ಆ ಶಿಕ್ಷೆಯಾದರೆ ಲೆಕ್ಕದಲ್ಲೇ ಇಲ್ಲದ ನಮ್ಮ ಗತಿ ಏನು? ಅದಕ್ಕೇ ನಮಗೆ ‘ಕೇಳುವುದು’ ಎಂದರೆ ಬರೀ ಮನರಂಜನೆಯಲ್ಲ. ಕೂತು ಕೇಳುವುದೇ ಒಂದು ಹಕ್ಕು.

ರೇಡಿಯೋ ಬಂದಾಗಲೂ ಅದು ಹಂಗೇ ಬಂತು. ನಮ್ಮಲ್ಲೊಬ್ಬರ ತಾತ ಹೇಳುತ್ತಿದ್ದರು: ಅವರ ಬಾಲ್ಯದ ಊರಿನಲ್ಲಿ ಪಂಚಾಯ್ತಿ ರೇಡಿಯೋ ಚಾವಡಿಯೊಳಗಿತ್ತು. ಊರೋರು ಒಳಗೆ ಚಾಪೆ ಮೇಲೆ. ಕೇರಿಯೋರು ಆಚೆ, ಹುಣಸೇ ಮರದ ಬುಡದಲ್ಲಿ, ಗಾಳಿ ಬೀಸಿದ ಕಡೆ ಕಿವಿ ಕೊಟ್ಟು. ಗಾಳಿ ಇತ್ತ ಬೀಸಿದರೆ ವಾರ್ತೆ, ಅತ್ತ ಬೀಸಿದರೆ ಇಲ್ಲ.

2

ಈಗ ಕತೆಗೆ ಬರೋಣ. ಆರ್ಥರ್ ಡೆಂಟ್ ಎಂಬ ಒಬ್ಬ ಸಾಧಾರಣ ಇಂಗ್ಲಿಷ್ ಮನುಷ್ಯ. ಬೆಳಿಗ್ಗೆ ಎದ್ದು ನೋಡಿದರೆ ಮನೆ ಮುಂದೆ ಬುಲ್ಡೋಜರ್. ಬೈಪಾಸ್ ರಸ್ತೆಗಾಗಿ ಅವನ ಮನೆ ಒಡೆಯಬೇಕು. ನಕ್ಷೆ ಆಫೀಸಿನಲ್ಲಿ ಇಟ್ಟಿತ್ತಲ್ಲ, ನೋಡಿಕೊಳ್ಳಬೇಕಾಗಿತ್ತು ಅನ್ನುತ್ತಾನೆ ಅಧಿಕಾರಿ ಪ್ರಾಸರ್. ಎಲ್ಲಿತ್ತಪ್ಪ ಅಂದರೆ ನೆಲಮಾಳಿಗೆಯ ಕತ್ತಲಲ್ಲಿ, ಬೀಗ ಹಾಕಿದ ಬೀರುವಿನೊಳಗೆ. ಆರ್ಥರ್ ಕೆಸರಿನಲ್ಲಿ ಬುಲ್ಡೋಜರಿಗೆ ಅಡ್ಡ ಮಲಗುತ್ತಾನೆ. ಅಷ್ಟರಲ್ಲಿ ಅವನ ಗೆಳೆಯ ಫೋರ್ಡ್ ಪ್ರಿಫೆಕ್ಟ್ ಬರುತ್ತಾನೆ. ಅವನು ಬೇರೆ ಗ್ರಹದವನು, ಇಲ್ಲಿ ಮನುಷ್ಯನಂತೆ ವೇಷ ಹಾಕಿಕೊಂಡಿದ್ದವನು. ಇನ್ನೇನು ಸ್ವಲ್ಪ ಹೊತ್ತಿನಲ್ಲಿ ಇಡೀ ಭೂಮಿಯೇ ನಾಶವಾಗುತ್ತದೆ ಎಂಬುದು ಅವನಿಗೆ ಗೊತ್ತು. ಆಕಾಶ ತುಂಬ ವೋಗನ್ ಎಂಬ ಜಾತಿಯವರ ಹಡಗುಗಳು ಬಂದು ನಿಲ್ಲುತ್ತವೆ. ಧ್ವನಿವರ್ಧಕದಲ್ಲಿ ಘೋಷಣೆ: ಆಕಾಶದ ಹೆದ್ದಾರಿಗೆ ಬೈಪಾಸ್ ಬೇಕು, ನಿಮ್ಮ ಭೂಮಿ ಅಡ್ಡ ಇದೆ, ತೆಗೆಯುತ್ತೇವೆ. ನಕ್ಷೆಯನ್ನು ಪಕ್ಕದ ನಕ್ಷತ್ರದ ಆಫೀಸಿನಲ್ಲಿ ಐವತ್ತು ವರ್ಷದಿಂದ ಪ್ರಕಟಿಸಿದ್ದೇವೆ, ನೀವು ಹೋಗಿ ನೋಡದಿದ್ದರೆ ನಾವೇನು ಮಾಡಲಿ? ಭೂಮಿ ಹೋಗುತ್ತದೆ. ಫೋರ್ಡ್ ಮತ್ತು ಆರ್ಥರ್ ಆ ವೋಗನ್ ಹಡಗನ್ನೇ ಕದ್ದು ಹತ್ತಿ ಬದುಕುತ್ತಾರೆ.

ಇಲ್ಲಿ ನಾಟಕ ನಿಲ್ಲಿಸಿ ಗೆಳತಿ ಕನ್ನಡದಲ್ಲಿ ಹೇಳಿದಳು: “ಭೂಮಿ ಹೋಯ್ತು.” ಒಳಗೆ ಗೋಡೆಗೊರಗಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದ ಅಜ್ಜಿ ಕೇಳಿದರು:

“ಯಾರ ಭೂಮಿ ಹೋದ್ದು ಮಗ? ಎಷ್ಟೆಕ್ರೆ?”

“ಎಲ್ಲಾ ಭೂಮಿನೂ ಅಜ್ಜಿ. ಪೂರ್ತಿ.”

“ಪಟೇಲ್ರ ಮನೆಯೋರ್ದೂವಾ?”

“ಹ್ಞೂಂ ಅಜ್ಜಿ. ಅವರ್ದೂ.”

“ಹಂಗಾರೆ ಆಗಾಕಿಲ್ಲ ಬುಡು. ಅದು ಕತೆ.”

ನಾವು ನಕ್ಕೆವು. ಆಮೇಲೆ ನಗು ನಿಂತಿತು. ವಿಜ್ಞಾನ ಕತೆ ಎಂದರೇನು ಎಂದು ನಾವು ಕಾಲೇಜಿನಲ್ಲಿ ಯಾವ ಪುಸ್ತಕದಲ್ಲೂ ಓದದ ವ್ಯಾಖ್ಯೆಯನ್ನು ಅಜ್ಜಿ ಎಲೆ ಅಗಿಯುತ್ತಾ ಕೊಟ್ಟಿದ್ದರು. ಎಲ್ಲರ ಭೂಮಿಯೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ, ಯಾರ ಮುಖವನ್ನೂ ನೋಡದೆ ಹೋಗುವುದು, ಅದು ಕಲ್ಪನೆ. ಮೊದಲು ಯಾರದು, ಆಮೇಲೆ ಯಾರದು, ಯಾರದು ಯಾವತ್ತೂ ಇಲ್ಲ ಎಂಬ ಪಟ್ಟಿಯಿರುವುದು, ಅದು ನಿಜ.

ಇಂಗ್ಲಿಷಿನಲ್ಲಿ ಆ ಗ್ರಹಕ್ಕೊಂದು ಪದ, ಹೊಲಕ್ಕೊಂದು ಪದ. ಕನ್ನಡದಲ್ಲಿ ಎರಡಕ್ಕೂ ಒಂದೇ ಭೂಮಿ. ಹಾಗಾಗಿ ಈ ನಾಟಕ ಕನ್ನಡದಲ್ಲಿ ಕೇಳಿಸಿಕೊಂಡಾಗ ಆಡಮ್ಸ್ ಬರೆದದ್ದಕ್ಕಿಂತ ಬೇರೆಯೇ ಆಗುತ್ತದೆ.

3

ಬೈಪಾಸ್ ಎಂಬ ಪದವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ತಾಲ್ಲೂಕಿನಲ್ಲೇ ಹಾದುಹೋಗಿದೆ. ಬಿಡದಿಗೊಂದು ಬೈಪಾಸ್, ರಾಮನಗರ–ಚನ್ನಪಟ್ಟಣಕ್ಕೊಂದು, ಮದ್ದೂರಿಗೆ, ಮಂಡ್ಯಕ್ಕೆ, ಶ್ರೀರಂಗಪಟ್ಟಣಕ್ಕೆ ಒಂದೊಂದು. ಸುಮಾರು 118 ಕಿಲೋಮೀಟರ್. 2023ರ ಮಾರ್ಚ್ 12ರಂದು ಪ್ರಧಾನಮಂತ್ರಿ ಬಂದು ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳು ಆ ರಸ್ತೆಯ ಮುಖ್ಯ ದಾರಿ ಹತ್ತುವಂತಿಲ್ಲ ಎಂದು ಆದೇಶವಾಯಿತು. ಸರ್ವಿಸ್ ರೋಡಿನಲ್ಲಿ ಹೋಗಬೇಕು. ಗೆಳೆಯರೇ, ನಮ್ಮಲ್ಲಿ ಯಾರ ಮನೆಯಲ್ಲಿ ಕಾರಿದೆ? ನಾವು ಯಾವತ್ತೂ ಊರ ನಡುವಿನ ದಾರಿಯಲ್ಲಿ ನಡೆಯದೆ ಪಕ್ಕದ ಓಣಿಯಲ್ಲಿ ಹೋಗಬೇಕಾಗಿದ್ದ ಜನ. ‘ಸರ್ವಿಸ್ ರೋಡು’ ಎಂಬುದು ನಮಗೆ ಹೊಸ ಪದ, ಹೊಸ ಪದ್ಧತಿಯಲ್ಲ. ಈಗಿನದು ಜಾತಿ ನೋಡಿ ಮಾಡಿದ್ದಲ್ಲ, ವೇಗ ನೋಡಿ ಮಾಡಿದ್ದು, ಸುರಕ್ಷತೆಗಾಗಿ ಮಾಡಿದ್ದು ಎಂದು ಹೇಳುತ್ತಾರೆ. ಸರಿ. ಆದರೆ ವೇಗವಾಗಿ ಹೋಗುವ ಗಾಡಿ ಯಾರ ಕೈಲಿದೆ ಎಂಬುದು ಜಾತಿಯಿಂದ ಬಿಡಿಸಿಕೊಂಡು ಬಂದ ಪ್ರಶ್ನೆಯೇನಲ್ಲ.

ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಮೊದಲಿನಂತೆ ಕಾರು ನಿಲ್ಲುವುದಿಲ್ಲ. ಪಟರಿ ಮುಂದೆ ಕೂತು ಆಲೆ ಮರ ಕಡೆಯುವವರ ಮಗನೊಬ್ಬ ನಮ್ಮ ಜೊತೆ ಜಗಲಿ ಮೇಲಿದ್ದ. ಅವನು ಹೇಳಿದ: “ಆರ್ಥರಪ್ಪನ ಮನೆ ರಸ್ತೆಗೆ ಅಡ್ಡ ಇತ್ತು, ಒಡೆದ್ರು. ನಮ್ಮಂಗ್ಡಿ ಅಡ್ಡ ಇರ್ಲಿಲ್ಲ, ಪಕ್ಕದಾಗಿತ್ತು. ಒಡೀಲಿಲ್ಲ, ಬುಟ್ಟು ಹೋದ್ರು.” ಬೈಪಾಸಿನ ಎರಡನೇ ಅರ್ಥ ಇದು. ಆಡಮ್ಸನ ನಾಟಕದಲ್ಲಿ ಇದು ಇಲ್ಲ. ಒಡೆಯುವುದು ಮಾತ್ರ ಅವನಿಗೆ ಕಾಣುತ್ತದೆ, ಬಿಟ್ಟುಹೋಗುವುದು ಕಾಣುವುದಿಲ್ಲ.

ಇನ್ನು ನೋಟೀಸಿನ ವಿಷಯ. ವೋಗನ್ನರು ಐವತ್ತು ವರ್ಷ ಕೊಟ್ಟಿದ್ದರಂತೆ. ರಾಷ್ಟ್ರೀಯ ಹೆದ್ದಾರಿಗಳ 1956ರ ಕಾಯ್ದೆಯಲ್ಲಿ ಅಧಿಸೂಚನೆ ಬಂದ ಮೇಲೆ ತಕರಾರು ಸಲ್ಲಿಸಲು ಇರುವುದು 21 ದಿನ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಪತ್ರಿಕೆ ಓದಲು ಬಾರದವನಿಗೆ ಕನ್ನಡ ಪತ್ರಿಕೆಯೂ ಒಂದೇ, ಪಕ್ಕದ ನಕ್ಷತ್ರವೂ ಒಂದೇ. ಸರ್ವೆ ನಂಬರ್ ಪಟ್ಟಿ ಓದಿ ಅದರಲ್ಲಿ ತನ್ನ ಬದುಕು ಎಲ್ಲಿದೆ ಎಂದು ಗುರುತಿಸಲು ನಮ್ಮ ಅಪ್ಪಂದಿರಿಗೆ ಯಾರು ಕಲಿಸಿದ್ದರು? ನಮ್ಮಲ್ಲೊಬ್ಬರ ಮನೆಯಲ್ಲಿ ಗ್ರಾಂಟ್ ಜಮೀನಿನ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದರು, ಪೂಜೆ ಮಾಡುತ್ತಿದ್ದರು. ಪಹಣಿಯಲ್ಲಿ ಬೇರೆಯವರ ಹೆಸರು ಕೂತು ಎಷ್ಟೋ ವರ್ಷವಾಗಿತ್ತು. ಗೊತ್ತಾದದ್ದು ಮಗಳು ಪಿಯುಸಿ ಓದಿದ ಮೇಲೆ.

ಒಂದು ವಿಚಿತ್ರ ನೋಡಿ. ಈ ನಾಟಕ ಬಂದ 1978ನೇ ಇಸವಿಯಲ್ಲೇ ಕರ್ನಾಟಕದಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಬೇರೆಯವರು ಹೊಡೆದುಕೊಂಡರೆ ವಾಪಸು ಕೊಡಿಸುವ ಕಾಯ್ದೆ. 2017ರಲ್ಲಿ ಸುಪ್ರೀಂ ಕೋರ್ಟು ತೀರಾ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಎಂದಿತು. ಅದನ್ನು ಹಿಡಿದು ಎಷ್ಟೋ ಅರ್ಜಿ ವಜಾ ಆದವು. ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲ ಎಂದು ತಿದ್ದುಪಡಿ ಬಂತು. ಬರುವುದು ತಡವಾಯಿತು ಎಂದು ಬೈಸಿಕೊಂಡವರು ಅಕ್ಷರವೇ ತಡವಾಗಿ ಸಿಕ್ಕ ಜನ. ವೋಗನ್ ಕ್ಯಾಪ್ಟನ್ನಿನ ಘೋಷಣೆ ಕೇಳಿ ಲಂಡನ್ನಿನವರು ನಕ್ಕಿರಬೇಕು. ನಮಗೆ ನಗು ಬಂದದ್ದು ಆ ದನಿ ತೀರಾ ಪರಿಚಯದ್ದು ಎಂಬ ಕಾರಣಕ್ಕೆ.

ಅಂದಮೇಲೆ ನಮ್ಮ ತಕರಾರೇನು? ಆರ್ಥರನಿಗೆ ಮನೆ ಇತ್ತು. ಕೆಸರಿನಲ್ಲಿ ಮಲಗಿದರೆ ಅಧಿಕಾರಿ ಅವನ ಜೊತೆ ವಾದಕ್ಕೆ ನಿಲ್ಲುತ್ತಾನೆ. ಅವನ ಜಾಗದಲ್ಲಿ ಸ್ವಲ್ಪ ಹೊತ್ತು ನೀನೇ ಮಲಗು ಎಂದು ಫೋರ್ಡ್ ಹೇಳಿದರೆ ಮಲಗುತ್ತಾನೆ ಕೂಡ! ಇದು ನಾಟಕದ ಅತ್ಯಂತ ಕುಶಾಲಿನ ಜಾಗ, ನಾವೂ ಬಿದ್ದು ಬಿದ್ದು ನಕ್ಕೆವು. ಆದರೆ ನಮ್ಮ ಕೇರಿಯ ಕೂಲಿಯವನೊಬ್ಬ ಜೆಸಿಬಿ ಮುಂದೆ ಮಲಗಿದರೆ ಬರುವುದು ವಾದ ಮಾಡುವ ಅಧಿಕಾರಿಯಲ್ಲ, ಪೊಲೀಸ್ ವ್ಯಾನು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಪರಿಹಾರದ ಪಟ್ಟಿಯಲ್ಲೂ ಹೆಸರಿಲ್ಲ. ಎಲ್ಲ ಇದ್ದವನು ಒಂದೇ ದಿನದಲ್ಲಿ ಎಲ್ಲ ಕಳೆದುಕೊಂಡಾಗ ಜಗತ್ತಿಗೆ ಅದು ಮಹಾಪ್ರಳಯದಂತೆ ಕಾಣುತ್ತದೆ. ದಿನಾ ಕಳೆದುಕೊಳ್ಳುತ್ತಲೇ ಬಂದವರದು ಪ್ರಳಯ ಅನ್ನಿಸಿಕೊಳ್ಳುವುದಿಲ್ಲ. ಅದಕ್ಕೆ ‘ಹಣೇಬರಹ’ ಎಂದು ಹೆಸರಿಟ್ಟಿದ್ದಾರೆ.

4

ವೋಗನ್ನರು ದುಷ್ಟರಲ್ಲ, ಮೊದ್ದರು. ಅರ್ಜಿ, ನಕಲು, ಮುದ್ರೆ ಇಲ್ಲದೆ ಸ್ವಂತ ಅಜ್ಜಿಯನ್ನೂ ಉಳಿಸದವರು. ಇದು ಆಡಮ್ಸನ ರಾಜಕೀಯ. ಅಧಿಕಾರ ಎಂದರೆ ಮೊದ್ದುತನ, ಕಡತದ ಕುರುಡು. ಈ ಆರು ಕಂತುಗಳಲ್ಲಿ ಆ ಬೈಪಾಸಿನಿಂದ ಯಾರಿಗೆ ಲಾಭ ಎಂದು ಯಾರೂ ಕೇಳುವುದಿಲ್ಲ. ಗುತ್ತಿಗೆದಾರ ಯಾರು? ರಸ್ತೆಯ ಪಕ್ಕದ ಸೈಟುಗಳನ್ನು ಮೊದಲೇ ಕೊಂಡಿಟ್ಟವರು ಯಾರು? ಈ ದೇಶದ ವ್ಯವಸ್ಥೆಯನ್ನು ಮೊದ್ದು ಎಂದು ನಾವು ನಂಬುವುದಿಲ್ಲ. ನಮ್ಮ ಅರ್ಜಿ ಕಳೆದುಹೋಗುತ್ತದೆ, ಕೆಲವರ ಅರ್ಜಿ ಯಾವತ್ತೂ ಕಳೆಯುವುದಿಲ್ಲ. ಅಷ್ಟು ಜ್ಞಾಪಕಶಕ್ತಿ ಇರುವ ಕುರುಡು ಎಲ್ಲಿಯಾದರೂ ಉಂಟೆ?

ಆದರೂ ಈ ಭಾಗದಲ್ಲಿ ಕವಿಗಳಾದ ನಮ್ಮ ಎದೆಗೆ ನೇರ ನಾಟಿದ ಒಂದು ದೃಶ್ಯವಿದೆ. ಸಿಕ್ಕಿಬಿದ್ದ ಇಬ್ಬರನ್ನು ವೋಗನ್ ಕ್ಯಾಪ್ಟನ್ ಕುರ್ಚಿಗೆ ಕಟ್ಟಿಹಾಕಿ ತನ್ನ ಕವಿತೆ ಓದುತ್ತಾನೆ. ವೋಗನ್ ಕಾವ್ಯ ಇಡೀ ವಿಶ್ವದಲ್ಲೇ ಮೂರನೇ ಅತಿ ಕೆಟ್ಟ ಕಾವ್ಯವಂತೆ. ಓದಿದ ಮೇಲೆ ಹೇಗಿದೆ ಹೇಳಿ ಅನ್ನುತ್ತಾನೆ. ಜೀವ ಉಳಿಸಿಕೊಳ್ಳಲು ಇಬ್ಬರೂ ರೂಪಕ, ಲಯ, ಅಂತರಾರ್ಥ ಅಂತೆಲ್ಲ ಹೊಗಳುತ್ತಾರೆ. ಎಲ್ಲ ಕೇಳಿಸಿಕೊಂಡು ಅವನು ಅವರನ್ನು ಹಡಗಿನಿಂದ ಆಚೆಗೆ, ಉಸಿರಿಲ್ಲದ ಆಕಾಶಕ್ಕೆ ಎಸೆಸುತ್ತಾನೆ. ಅಧಿಕಾರಸ್ಥರ ಕವನ ಸಂಕಲನ ಬಿಡುಗಡೆಗೆ ಓಡುವ, ಹೊಗಳಿಕೆಯ ಮುನ್ನುಡಿ ಬರೆದುಕೊಡುವ, ಅಕಾಡೆಮಿಯ ಕುರ್ಚಿಗೆ ಕಾಯುವ ನಮ್ಮ ಕೆಲವು ಗೆಳೆಯರು ಈ ಕಂತನ್ನು ಖಂಡಿತ ಕೇಳಬೇಕು. ಹೊಗಳಿದರೂ ಎಸೆಯುತ್ತಾರೆ. ಹೊಗಳುವುದಕ್ಕಿಂತ ಮೊದಲೇ ತೀರ್ಮಾನ ಆಗಿರುತ್ತದೆ.

5

‘ಹಿಚ್‌ಹೈಕರ್’ ಅಂದರೆ ದಾರಿಯಲ್ಲಿ ಕೈ ಅಡ್ಡ ಹಾಕಿ ಯಾರದೋ ಗಾಡಿಯಲ್ಲಿ ಹೋಗುವವನು. ನಮ್ಮ ಕಡೆ ‘ಡ್ರಾಪ್ ಕೇಳೋದು’. ಕೊನೇ ಬಸ್ಸು ತಪ್ಪಿದರೆ ಹಾಲಿನ ವ್ಯಾನು, ರೇಷ್ಮೆ ಗೂಡಿನ ಟೆಂಪೋ. ಅಂಥವನಿಗೊಂದು ಗೈಡು. ಈ ನಾಟಕದಲ್ಲಿ ಆ ಗೈಡ್ ಪುಸ್ತಕವೇ ಒಂದು ಪಾತ್ರ. ಪೀಟರ್ ಜೋನ್ಸ್ ಎಂಬ ನಟನ ಶಾಂತವಾದ, ಸ್ವಲ್ಪ ಗೊಂದಲದಂತಿರುವ ದನಿಯಲ್ಲಿ ಪುಸ್ತಕ ತಾನೇ ಮಾತಾಡುತ್ತದೆ. ನಮಗೆ ‘ಗೈಡು’ ಅಂದರೆ ಪರೀಕ್ಷೆಯ ಗೈಡು. ಪ್ರಶ್ನೆ ಅರ್ಥವಾಗದಿದ್ದರೂ ಉತ್ತರ ಬಾಯಿಪಾಠ ಮಾಡಿ ಪಾಸಾದ ಜನ ನಾವು. ಆದ್ದರಿಂದ ನಾಲ್ಕನೇ ಕಂತು ನಮ್ಮದೇ ಕತೆ ಅನ್ನಿಸಿತು.

ಆ ಕಂತಿನಲ್ಲಿ ಒಂದು ಮಹಾ ಕಂಪ್ಯೂಟರ್ ಇದೆ. ಜೀವನದ, ವಿಶ್ವದ, ಸಮಸ್ತದ ಪರಮ ಪ್ರಶ್ನೆಗೆ ಉತ್ತರ ಹುಡುಕಲು ಅದು ಎಪ್ಪತ್ತೈದು ಲಕ್ಷ ವರ್ಷ ಲೆಕ್ಕ ಮಾಡುತ್ತದೆ. ಕೊನೆಗೆ ಉತ್ತರ ಕೊಡುತ್ತದೆ: ನಲವತ್ತೆರಡು. ಪ್ರಶ್ನೆ ಏನೆಂದೇ ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೇ ಉತ್ತರ ಹಿಡಿಸುತ್ತಿಲ್ಲ ಅನ್ನುತ್ತದೆ. ಆ ಪ್ರಶ್ನೆ ಕಂಡುಹಿಡಿಯಲು ಕಟ್ಟಿಸಿದ ಇನ್ನೊಂದು ದೊಡ್ಡ ಯಂತ್ರವೇ ನಮ್ಮ ಭೂಮಿ. ಬೈಪಾಸಿಗೆ ಬಲಿಯಾದದ್ದು ಇದೇ.

ಈ ಯಂತ್ರ ಕೆಲಸ ಶುರು ಮಾಡುವ ಮುಂಚೆ ಇಬ್ಬರು ತತ್ವಜ್ಞಾನಿಗಳು ನುಗ್ಗಿ ಗಲಾಟೆ ಮಾಡುತ್ತಾರೆ. ಯಂತ್ರವೇ ಸತ್ಯ ಹೇಳಿಬಿಟ್ಟರೆ ನಮ್ಮ ಗತಿಯೇನು, ಇದು ನಮ್ಮ ಕುಲಕಸುಬು, ಮುಷ್ಕರ ಹೂಡುತ್ತೇವೆ! ಯಂತ್ರ ಅವರಿಗೆ ಉಪಾಯ ಹೇಳಿಕೊಡುತ್ತದೆ: ಉತ್ತರ ಬರಲು ಲಕ್ಷಾಂತರ ವರ್ಷ ಇದೆ, ಅಲ್ಲಿಯವರೆಗೆ ಅದು ಏನಿರಬಹುದೆಂದು ಜಗಳಾಡುತ್ತಾ ಕಾಸು ಮಾಡಿಕೊಳ್ಳಿ. ಅವರು ಖುಷಿಯಾಗಿ ಹೋಗುತ್ತಾರೆ. ನಮ್ಮ ಪುರೋಹಿತಶಾಹಿಯನ್ನು ಇಷ್ಟು ಕಮ್ಮಿ ಮಾತಿನಲ್ಲಿ ಬೆತ್ತಲು ಮಾಡಿದ್ದನ್ನು ನಾವು ಬೇರೆಲ್ಲೂ ಕೇಳಿಲ್ಲ. ಪರಲೋಕದ ಉತ್ತರ ಯಾವತ್ತೂ ಬರಬಾರದು, ಬರುತ್ತದೆ ಎಂಬ ಆಸೆ ಮಾತ್ರ ಉಳಿಯಬೇಕು. ಬೆಳಿಗ್ಗೆ ಬೆಳಿಗ್ಗೆ ಟಿ.ವಿ.ಯಲ್ಲಿ ರಾಶಿಫಲ ಹೇಳುವವರನ್ನು ನೋಡಿದರೆ ಆ ಉಪಾಯ ಬೆಂಗಳೂರಿಗೂ ತಲುಪಿದೆ.

6

ಆರನೇ ಕಂತಿಗೆ ಬಂದಾಗ ನಮ್ಮ ಜಗಲಿಯಲ್ಲಿ ಜಗಳವಾಯಿತು. ಐದು ಆರನೇ ಕಂತುಗಳನ್ನು ಆಡಮ್ಸ್ ಜಾನ್ ಲಾಯ್ಡ್ ಎಂಬ ಗೆಳೆಯನ ಜೊತೆ ಸೇರಿ ಬರೆದ. ಒಂದು ಗ್ರಹದವರು ತಮ್ಮಲ್ಲಿ ‘ಕೆಲಸಕ್ಕೆ ಬಾರದ’ ಮೂರನೇ ಒಂದು ಪಾಲು ಜನರನ್ನು ಸುಳ್ಳು ಹೇಳಿ ಹಡಗು ಹತ್ತಿಸಿ ಸಾಗಹಾಕುತ್ತಾರೆ. ಯಾರು ಆ ಕೆಲಸಕ್ಕೆ ಬಾರದವರು? ಮ್ಯಾನೇಜರುಗಳು, ಟಿ.ವಿ. ನಿರ್ಮಾಪಕರು, ವಿಮೆ ಮಾರುವವರು. ಅವರ ಜೊತೆಗೆ ಕ್ಷೌರದವರು, ಟೆಲಿಫೋನ್ ಒರೆಸಿ ಶುಚಿ ಮಾಡುವವರು.

ಇಲ್ಲಿ ನಾವು ನಗಲಿಲ್ಲ. ಕ್ಷೌರ ಮಾಡುವವನನ್ನೂ ಕೊಳೆ ತೆಗೆಯುವವನನ್ನೂ ಊರಾಚೆ ಹಾಕುವ ಜೋಕು ನಮ್ಮ ನೆಲದಲ್ಲಿ ಎರಡು ಸಾವಿರ ವರ್ಷದಿಂದ ನಡೆಯುತ್ತಿದೆ. ಅದಕ್ಕೆ ಹಡಗು ಬೇಕಾಗಿರಲಿಲ್ಲ. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪ ಎಂಬ ಮಂತ್ರಿ ಬೇಕಾಯಿತು. 1973ರ ಬೂಸಾ ಗಲಾಟೆಯಲ್ಲಿ ಕುರ್ಚಿ ಕಳೆದುಕೊಂಡ ಅದೇ ಬಸವಲಿಂಗಪ್ಪ. ದೇಶದ ಮಟ್ಟದಲ್ಲಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಮತ್ತೊಂದು. ಆದರೂ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ.

ನಮ್ಮ ಗೆಳತಿ ಆಡಮ್ಸನ ಪರ ನಿಂತಳು. 1980ರಲ್ಲಿ ಬಂದ ಎರಡನೇ ಕಾದಂಬರಿಯಲ್ಲಿ ಇದೇ ಕತೆಗೆ ಒಂದು ಕೊನೆಯಿದೆಯಂತೆ: ಹಿಂದುಳಿದ ಆ ‘ಯೋಗ್ಯರು’ ಎಲ್ಲರೂ ಒರೆಸದೆ ಬಿಟ್ಟ ಕೊಳಕು ಟೆಲಿಫೋನಿನಿಂದ ಹರಡಿದ ರೋಗಕ್ಕೆ ಸತ್ತುಹೋದರು. “ನೋಡಿ, ಶುಚಿ ಮಾಡೋರನ್ನ ಆಚೆ ಹಾಕಿದ್ರೆ ಊರೇ ಸಾಯ್ತದೆ ಅಂತಾನೇ ಅವನು ಹೇಳಿದ್ದು,” ಎಂದಳು. ಹಿರಿಯ ಗೆಳೆಯರು ಒಪ್ಪಲಿಲ್ಲ: “ಅವನು ಹೇಳಿದ್ದು ತಮಾಷೆಗೆ. ನಾವು ಹೇಳೋದು ಲೆಕ್ಕಕ್ಕೆ.” ಈ ಜಗಳ ತೀರ್ಮಾನವಾಗಿಲ್ಲ. ಹಾಗೇ ಓದುಗರ ಮುಂದಿಡುತ್ತಿದ್ದೇವೆ.

ತೀರ್ಮಾನವಾದದ್ದು ಇನ್ನೊಂದು. ಆ ಹಡಗು ಬಂದು ಬೀಳುವುದು ಲಕ್ಷಾಂತರ ವರ್ಷ ಹಿಂದಿನ ನಮ್ಮ ಭೂಮಿಗೆ. ಇಲ್ಲಿ ಆದಿಮಾನವರಿದ್ದಾರೆ. ಬಂದವರು ಭೂಮಿ ತಮ್ಮದೆಂದು ಸಭೆ, ಸಮಿತಿ ನಡೆಸುತ್ತಾರೆ. ಮೂಲದವರು ನಶಿಸುತ್ತಾರೆ. ಇಂದಿನ ಮನುಷ್ಯರೆಲ್ಲ ಬಂದವರ ಸಂತಾನ. ಆ ಮೂಲದವರಿಗೆ ಒಂದು ಹೆಸರಿಲ್ಲ, ನೆಟ್ಟಗೆ ಒಂದು ಮಾತಿಲ್ಲ. ಗುರುಗುಟ್ಟುವ ಸದ್ದು ಮಾತ್ರ. ನಾಟಕ ಅವರಿಗಾಗಿ ಒಂದು ಗಳಿಗೆಯೂ ನಿಲ್ಲದೆ ಲೂಯಿ ಆರ್ಮ್‌ಸ್ಟ್ರಾಂಗನ ಹಾಡಿನೊಂದಿಗೆ ಮುಗಿದುಹೋಗುತ್ತದೆ. ಈ ಅದ್ಭುತ ಲೋಕವನ್ನು ಕುರಿತ ಹಾಡದು. ಹಾಡುವ ದನಿ ಅಮೆರಿಕದ ಕರಿಯ ಕಲಾವಿದನದು. ಅವನ ಜನ ಹಡಗಿನಲ್ಲಿ ಹೇಗೆ ಬಂದರು ಎಂಬುದು ಗೊತ್ತಿದ್ದ ನಮಗೆ ಆ ಕೊನೆ ಇನ್ನೊಂದು ರೀತಿ ಕೇಳಿಸಿತು. ಸಾಮ್ರಾಜ್ಯ ಕಟ್ಟಿದ ದೇಶದ ಕತೆಗಾರನಿಗೆ, ಎಷ್ಟೇ ಒಳ್ಳೆಯವನಾದರೂ, ಹೋಗಿ ಇಳಿದವರು ಕಂಡಷ್ಟು ಸಲೀಸಾಗಿ ಅಲ್ಲೇ ಇದ್ದವರು ಕಾಣುವುದಿಲ್ಲ.

ಹೆಣ್ಣಿನ ವಿಷಯವೂ ಹೀಗೇ. ಮೊದಲ ಪ್ರಸಾರದ ಮಾರ್ಚ್ 8 ಮಹಿಳಾ ದಿನ. ಆದರೆ ಈ ಆರು ಕಂತಿನ ಪ್ರಯಾಣಿಕರಲ್ಲಿ ಹೆಂಗಸು ಒಬ್ಬಳೇ, ಟ್ರಿಲಿಯನ್. ಗಣಿತ, ಖಗೋಳಶಾಸ್ತ್ರ ಓದಿದವಳು. ಅವಳ ಓದು ಕತೆಗೆ ಹೆಚ್ಚೇನೂ ಬೇಕಾಗುವುದಿಲ್ಲ. ಯಾವ ಗಂಡಸು ಅವಳನ್ನು ಪಾರ್ಟಿಯಿಂದ ಕರೆದುಕೊಂಡು ಹೋದ ಎಂಬುದು ಬೇಕಾಗುತ್ತದೆ. ಭೂಮಿಯಿಂದ ಉಳಿದ ಇಬ್ಬರಲ್ಲಿ ಅವಳೊಬ್ಬಳು. ಅವಳಿಗೆ ತನ್ನ ಭೂಮಿ ಹೋಯಿತಲ್ಲ ಎಂದು ಮನಸಾರೆ ಅಳಲು ಒಂದು ಪುಟವಾದರೂ ಬರೆದುಕೊಡಬೇಕಿತ್ತು ಎಂದು ಅನುವಾದಿಸಿ ಹೇಳುತ್ತಿದ್ದ ನಮ್ಮ ಗೆಳತಿ ಸಿಟ್ಟಾದಳು.

7

ಇಷ್ಟೆಲ್ಲ ಬೈದ ಮೇಲೆ ಒಂದು ಋಣ ಒಪ್ಪಿಕೊಳ್ಳಬೇಕು. ದನಿ ಒಂದರಿಂದಲೇ ಭೂಮಿ ಒಡೆಯಬಹುದು, ಲೋಕ ಕಟ್ಟಬಹುದು ಎಂಬುದನ್ನು ಈ ನಾಟಕ ತೋರಿಸಿಕೊಟ್ಟಿತು. ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಿನವರು ಸದ್ದು ಕೂಡಿಸಿದ್ದಾರೆ. ಸಿನಿಮಾದಲ್ಲಿ ಕೋಟಿ ಸುರಿಯಬೇಕಾದ ಆಕಾಶ ಇಲ್ಲಿ ಕಿವಿಯೊಳಗೇ ತೆರೆದುಕೊಳ್ಳುತ್ತದೆ. ಕಾಸಿಲ್ಲದವರ ಕಲೆ ಇದು. ಬರೆದಾಗ ಆಡಮ್ಸನಿಗೆ ಇಪ್ಪತ್ತೈದು ಇಪ್ಪತ್ತಾರು ವರ್ಷ. ನಮ್ಮದೇ ವಯಸ್ಸು.

ನಮಗೇನು ಇದು ಹೊಸದೆ? ನೀಲಗಾರರು ತಂಬೂರಿ ಮೀಟಿ ಬೆಳತನಕ ಹಾಡುವ ಮಂಟೇಸ್ವಾಮಿ ಕಾವ್ಯ ಲೋಕ ಹುಟ್ಟುವ ಕತೆಯಿಂದಲೇ ಶುರುವಾಗುತ್ತದೆ. ಪರಂಜ್ಯೋತಿಯೊಂದು ಧರೆಗಿಳಿದು, ಕೊಳೆತು ನಾರುವ ವೇಷ ಹಾಕಿಕೊಂಡು ಕಲ್ಯಾಣದ ಬಾಗಿಲಿಗೆ ಬಂದು ಒಳಗೆ ಬಿಡ್ತೀರಾ ಇಲ್ವಾ ಎಂದು ಪರೀಕ್ಷೆ ಮಾಡುತ್ತದೆ. ಬೇರೆ ಲೋಕದಿಂದ ಬಂದವನನ್ನು ಇಷ್ಟು ಗಟ್ಟಿಯಾಗಿ ಕಂಡ ಕಾವ್ಯ ನಮ್ಮದು. ಕತ್ತಲಲ್ಲಿ ಕೂತು ಕಿವಿಯಿಂದ ನೋಡುವುದನ್ನು ನಮಗೆ ಯಾವ ಬಿಬಿಸಿಯೂ ಕಲಿಸಬೇಕಿಲ್ಲ.

ಆದರೆ ಆ ದನಿಗೆ ಯಂತ್ರ ಸಿಗಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಕೇಂದ್ರ ಇಟ್ಟು ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ದೊಡ್ಡ ಕೆಲಸ. ಆದರೆ ಹೆಸರು ನೋಡಿ. ಪುರಾಣದ ಅಶರೀರವಾಣಿ ಮಾತಾಡುವುದು ಕಂಸನ ಜೊತೆ, ರಾಜರ ಜೊತೆ. ಕೇರಿಯ ಮುದುಕಿಗೆ ಆಕಾಶ ಯಾವತ್ತಾದರೂ ಏನಾದರೂ ಹೇಳಿತೆ? 1991ರಲ್ಲಿ ಆಕಾಶವಾಣಿ ಮಾನವ ವಿಕಾಸ ಕುರಿತ ವಿಜ್ಞಾನ ಸರಣಿಯನ್ನು ದೇಶದ ಹಲವು ಭಾಷೆಗಳಲ್ಲಿ ಬಿತ್ತರಿಸಿತು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕತೆಗಳನ್ನು ಬರೆದರು. ಇವನ್ನೆಲ್ಲ ಗೌರವಿಸುತ್ತೇವೆ. ನಮ್ಮ ಕೇರಿಯಿಂದ ಹೊರಟ ಒಂದು ಅಂತರಿಕ್ಷ ನೌಕೆಯ ಸದ್ದು ಮಾತ್ರ ನಾವಿನ್ನೂ ಕೇಳಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಅದರ ಲಗಾಮು ಬೆಂಗಳೂರಿನಲ್ಲಿತ್ತು. ನಮ್ಮೂರಿಂದ ಒಂದೂವರೆ ಎರಡು ಗಂಟೆಯ ದಾರಿ. ಅಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಸರ್ವಿಸ್ ರೋಡುಗಳಿವೆಯೋ.

ಹೊಟ್ಟೆ ತುಂಬಿದೋರ ಆಟ ಅಂದರಲ್ಲ, ಆ ಗೆಳೆಯರಿಗೆ ನಾವು ಕೊನೇ ರಾತ್ರಿ ಒಂದು ಹೆಸರು ನೆನಪಿಸಿದೆವು. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಜೀವ ಬಿಟ್ಟ ರೋಹಿತ್ ವೇಮುಲ. ಕಾರ್ಲ್ ಸಾಗನ್‌ನಂಥ ವಿಜ್ಞಾನ ಲೇಖಕ ಆಗಬೇಕೆಂದಿದ್ದೆ ಎಂದು ಆ ಹುಡುಗ ಕೊನೆಯ ಪತ್ರದಲ್ಲಿ ಬರೆದ. ನಕ್ಷತ್ರಗಳನ್ನು ಪ್ರೀತಿಸಿದ್ದ. ಸುಡುಗಾಡಿಗೆ ಜಾಗ ಕೇಳುವುದು ನಮ್ಮ ಹಕ್ಕು. ಆಕಾಶ ಕೇಳುವುದೂ ನಮ್ಮ ಹಕ್ಕು. ಒಂದು ಸಿಕ್ಕ ಮೇಲೆ ಇನ್ನೊಂದು ಎಂದು ಸರತಿ ಹಚ್ಚಿದವರು ಯಾರು? ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. “ಬರೀರಿ ಹಂಗಾರೆ,” ಅಂದರು.

ಬರೆಯುತ್ತಿದ್ದೇವೆ. ಮೊಬೈಲಿನಲ್ಲೇ ದನಿ ಹಿಡಿಯುತ್ತೇವೆ. ತಮಟೆ ಇದೆ, ತಂಬೂರಿ ಇದೆ, ಗೊಂಬೆ ಕಡೆಯುವ ಪಟರಿಯ ಸದ್ದಿದೆ, ಹೆದ್ದಾರಿಯ ಭೋರ್ಗರೆತ ಇಪ್ಪತ್ನಾಕು ಗಂಟೆಯೂ ಪುಕ್ಕಟೆ ಸಿಗುತ್ತದೆ. ಮೊದಲ ಕಂತು ಆಕಾಶದಿಂದ ಬಂದ ಘೋಷಣೆಯಿಂದಲೇ ಶುರು. ಆದರೆ ಘೋಷಣೆ ಮುಗಿದ ತಕ್ಷಣ ಓಡುವವರು, ಕಿರುಚುವವರು ಇರುವುದಿಲ್ಲ. ಒಬ್ಬ ಅಜ್ಜಿ ಎಲೆಅಡಿಕೆ ಕುಟ್ಟುವುದು ನಿಲ್ಲಿಸಿ ತಲೆಯೆತ್ತಿ ಕೇಳುತ್ತಾರೆ: ಯಾರ ಭೂಮಿ? ಎಷ್ಟೆಕ್ರೆ? ಆ ಪಾತ್ರಕ್ಕೆ ದನಿ ಕೊಡಲು ನಮ್ಮ ಅಜ್ಜಿ ಒಪ್ಪಿದ್ದಾರೆ. ಒಂದೇ ಷರತ್ತು, ಪಟೇಲರ ಮನೆಯವರ ಮಾತನ್ನು ಕತ್ತರಿಸಬಾರದಂತೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯ ಗೆಳತಿಯರೇ, ಈ ಆರು ಕಂತು ನಿಮ್ಮ ಊರಿನಲ್ಲೂ ಹತ್ತು ಜನ ಕೂಡಿ ಕೇಳಿ. ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿ. ನಿಮ್ಮ ಕೇರಿಯಲ್ಲಿ ಮೊದಲ ಪ್ರಶ್ನೆ ಕೇಳಿದವರು ಯಾರು, ಏನು ಕೇಳಿದರು ಎಂದು ಬರೆದುಕೊಂಡು ನಮಗೆ ಕಳಿಸಿ. ಎರಡನೇ ಕಂತಿಗೆ ನಮಗದು ಬೇಕು.